ಸಾರ್ ಸೀಮೆಯ ಮೂರನೇ ಓಟು

ಐದು ವರ್ಷದ ಮೇಲೆ ಅಣ್ಣತಮ್ಮಂದಿರು ಒಂದೇ ಸಾಲಿನಲ್ಲಿ ಎಲೆ ಹಾಕಿಸಿಕೊಂಡು ಕೂತಿದ್ದರು. ಹನುಮಂತನಗರದ ಆ ಮನೆಯ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಮೇಲಿನ ಟ್ಯಾಂಕಿನ ನೀರು ಯಾರಿಗೆ ಎಷ್ಟು ಎಂಬಲ್ಲಿಂದ ಶುರುವಾದ ಜಗಳ ಕೋರ್ಟು ಹತ್ತಿ, ಮಹಡಿಗೊಬ್ಬ ವಕೀಲನನ್ನು ಸಾಕಿ, ಕೊನೆಗೆ ತೀರಿಹೋದ ತಂದೆಯ ಶ್ರಾದ್ಧವನ್ನೂ ಎರಡು ಮಾಡಿತ್ತು. ಪುರೋಹಿತರು ಮೊದಲನೇ ಮಹಡಿಯಲ್ಲಿ ಪಿಂಡ ಇಡಿಸಿ, ಏದುಸಿರು ಬಿಡುತ್ತ ಎರಡನೇ ಮಹಡಿಗೆ ಹತ್ತಿ ಮತ್ತೊಮ್ಮೆ ಇಡಿಸುತ್ತಿದ್ದರು. ಬದುಕಿದ್ದಾಗ ರಾತ್ರಿ ಎರಡು ಬಾಳೆಹಣ್ಣು ತಿಂದು ಮಲಗುತ್ತಿದ್ದ ಆ ಮನುಷ್ಯ, ಸತ್ತ ಮೇಲೆ ಮಕ್ಕಳ ದೆಸೆಯಿಂದ ಒಂದೇ ದಿನ ಎರಡೆರಡು ಊಟ ಉಣ್ಣಬೇಕಾಗಿತ್ತು.

ಈಗ ರಾಜಿ ಆಗಿತ್ತು. ಮಾಡಿಸಿದವನು ಇವರ ಸೋದರಮಾವ ವೆಂಕಟಾಚಲ. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದ ಮೇಲೆ ಅವನ ಕೈಗೆ ಮೇಲ್ವಿಚಾರಣೆಗೆ ಯಾರೂ ಸಿಕ್ಕಿರಲಿಲ್ಲ. ಅಕ್ಕನ ಮಕ್ಕಳ ಜಗಳ ಸಿಕ್ಕಿತು. ಮೂರು ತಿಂಗಳು ಒಮ್ಮೆ ಮೊದಲನೇ ಮಹಡಿಯಲ್ಲಿ ಕಾಫಿ, ಒಮ್ಮೆ ಎರಡನೇ ಮಹಡಿಯಲ್ಲಿ ಕಾಫಿ ಕುಡಿದು, ಆ ಭಾನುವಾರ ಇಬ್ಬರನ್ನೂ ಕೆಳಗಿನ ಮನೆಗೆ ಇಳಿಸಿದ್ದ.

ಕೆಳಗಿನ ಮನೆ ತಾಯಿ ಸರಸ್ವತಮ್ಮನದು. ಎಪ್ಪತ್ತು ದಾಟಿದ ಅವರು ಅಲ್ಲೇ ಮಲಗಿ, ಅಲ್ಲೇ ಅಡುಗೆ ಮಾಡಿಕೊಂಡು, ಹಿತ್ತಲ ಕಡೆಯ ದೊಡ್ಡ ಅಡುಗೆಮನೆಯಲ್ಲಿ ಸಾರಿನ ಪುಡಿ ಹುರಿದು ಮಾರುತ್ತಿದ್ದರು. ಅದಕ್ಕೆ ಬೋರ್ಡಿಲ್ಲ, ಲೇಬಲ್ಲಿಲ್ಲ. ಆದರೂ ಕತ್ರಿಗುಪ್ಪೆಯಿಂದ, ಜೆ.ಪಿ. ನಗರದಿಂದ ಜನ ಡಬ್ಬಿ ಹಿಡಿದು ಬರುತ್ತಿದ್ದರು. ಹುರಿಯಲು ಕೈಜೋಡಿಸುವವಳು ಸಿದ್ದಗಂಗಮ್ಮ, ಸಾರಕ್ಕಿಯಿಂದ ಬಸ್ಸಿನಲ್ಲಿ ಬರುವವಳು.

ಸರಸ್ವತಮ್ಮ ಆ ದಿನ ಖುಷಿಯಲ್ಲಿ ಮಜ್ಜಿಗೆ ಹುಳಿ, ಆಂಬೊಡೆ, ಶಾವಿಗೆ ಪಾಯಸ ಎಲ್ಲ ಮಾಡಿದ್ದರು. ದೊಡ್ಡವನು ಬದರಿನಾಥ, ಚಿಕ್ಕವನು ಸೇತುರಾಮ, ಪಕ್ಕಪಕ್ಕ ಕೂತು ಒಬ್ಬರ ಮುಖ ಒಬ್ಬರು ನೋಡದೆ, ಆದರೆ ಒಂದೇ ಹುಳಿಯನ್ನು ಸುರಿದುಕೊಂಡು ಉಣ್ಣುತ್ತಿದ್ದರು. ತಾಯಿಗೆ ಅಷ್ಟಕ್ಕೇ ಕಣ್ಣು ತುಂಬಿಬಂದಿತ್ತು.

ವೆಂಕಟಾಚಲ ಬೆರಳು ನೆಕ್ಕಿಕೊಂಡು ಶುರು ಮಾಡಿದ. "ನೋಡಕ್ಕ, ಎಲ್ಲ ನೀಟಾಗಿ ಮುಗಿದಿದೆ. ಮೊದಲನೇ ಮಹಡಿ ಬದರಿಗೆ. ಎರಡನೇದು, ಟೆರೇಸು ಸಮೇತ, ಸೇತುಗೆ. ಕೆಳಗಿನ ಮನೇನ ಬ್ಲಡ್ ಟೆಸ್ಟ್ ಲ್ಯಾಬ್ ಇಡೋರಿಗೆ ಬಾಡಿಗೆ ಕೊಡೋದು. ಬಾಡಿಗೆ ಇಬ್ಬರಿಗೂ ಅರ್ಧರ್ಧ."

ಸರಸ್ವತಮ್ಮ ಸೌಟು ಹಿಡಿದೇ ನಿಂತರು. "ಕೆಳಗಿನ ಮನೇಲಿ ನಾನಿದೀನಲ್ಲೋ?"

"ಅದಕ್ಕೇ ಬರ್ತಾ ಇದೀನಿ, ತಾಳು. ನಿನಗೆ ಒಂಚೂರೂ ಕಷ್ಟ ಇಲ್ದಂಗೆ ಮಾಡಿದೀನಿ. ಉತ್ತರಾಯಣ ಬದರಿ ಮನೇಲಿ. ದಕ್ಷಿಣಾಯನ ಸೇತು ಮನೇಲಿ. ಆರಾರು ತಿಂಗಳು. ಯಾರೂ ನನಗೆ ಜಾಸ್ತಿ ಆಯ್ತು, ಕಮ್ಮಿ ಆಯ್ತು ಅನ್ನಂಗಿಲ್ಲ."

"ನಾನೇನು ಸೂರ್ಯನೇನೋ?"

ಸೇತುರಾಮ ನಕ್ಕುಬಿಟ್ಟ. ಬದರಿನಾಥನಿಗೂ ನಗು ಬಂತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ನಮಗೆಲ್ಲ ಗೊತ್ತು. ಅತ್ತೆಯನ್ನೇ ಕಾಲಕ್ಕೊಬ್ಬ ಸೊಸೆಗೆ ಹಂಚುವ ಉಪಾಯ ಮಾತ್ರ ವೆಂಕಟಾಚಲನ ಸ್ವಂತದ್ದು, ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು.

"ಮತ್ತೆ ಪುಡಿ?"

"ಅದು ರಾಜಶ್ರೀಗೆ. ಸೇತು ಬಾಡಿಗೇಲಿ ಅರ್ಧ ಸಾಲಲ್ಲ ಅಂದ. ಸರಿ, ಪುಡಿ ವ್ಯಾಪಾರ ನಿನ್ ಹೆಂಡತಿಗಿರಲಿ ಅಂದೆ. ಹೆಸರು, ಗಿರಾಕಿಗಳು, ನೀನು ಹಾಕೋ ಅಳತೆ, ಎಲ್ಲ. ನಿನಗೂ ವಯಸ್ಸಾಯ್ತಲ್ಲ, ರೆಸ್ಟ್ ತಗೋ. ಮನೇಲಿ ನಿಂದೂ ಒಂದು ಪಾಲಿದೆ ನೋಡು, ಅದಕ್ಕೆ ನಿನ್ ಸೈನ್ ಒಂದು ಬೇಕಷ್ಟೆ. ಜುಲೈ ಮಧ್ಯದಲ್ಲಿ ದಕ್ಷಿಣಾಯನ ಹುಟ್ಟತ್ತೆ. ಅಷ್ಟರೊಳಗೆ ಖಾಲಿ ಮಾಡಿಬಿಟ್ರೆ ಸರಿಹೋಗತ್ತೆ. ಅಕ್ಕ, ಮಜ್ಜಿಗೆ ಹಾಕ್ತೀಯಾ?"

ಸರಸ್ವತಮ್ಮ ಮಜ್ಜಿಗೆ ಹಾಕಿದರು. ಬಡಿಸುವವರು ನಡುವೆ ಕೋಪ ಮಾಡಿಕೊಂಡು ಸೌಟು ಬಿಸಾಡುವ ರೂಢಿ ಆ ಮನೆಯಲ್ಲಿರಲಿಲ್ಲ. ಎಲೆ ಎತ್ತಿ, ನೆಲ ಸಾರಿಸಿ, ತಮ್ಮ ಪಾಲಿನ ಪಾಯಸವನ್ನು ಹಾಗೇ ಮುಚ್ಚಿಟ್ಟರು. ಮಾರನೇ ದಿನ ವಿಷಯ ಕೇಳಿದ ಸಿದ್ದಗಂಗಮ್ಮ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ, "ನಾನು ಯಾರ ಪಾಲಿಗ್ ಬಂದಿವ್ನಿ ಅಮ್ಮಾವ್ರೇ?" ಎಂದಳು.

ಬದರಿನಾಥನ ಮಗಳು ಸಂಹಿತಾ ದ್ವಿತೀಯ ಪಿಯುಸಿ. ಸೈನ್ಸ್ ಸಿಗುವಷ್ಟು ಅಂಕ ಇದ್ದೂ ಆರ್ಟ್ಸ್ ತಗೊಂಡು ಇತಿಹಾಸ ಓದುತ್ತಿದ್ದಳು. ಬ್ಯಾಂಕಿನಲ್ಲಿ ಸಹೋದ್ಯೋಗಿಗಳು "ಮಗಳು ಏನ್ ಮಾಡ್ತಿದಾಳೆ?" ಎಂದರೆ ಬದರಿನಾಥ "ಪಿಯುಸಿ" ಎಂದು ಹೇಳಿ ಮುಂದಿನ ಪ್ರಶ್ನೆ ಬರುವುದರೊಳಗೆ ಫೋನ್ ಎತ್ತಿಕೊಳ್ಳುತ್ತಿದ್ದ. ಅವಳಿಗೆ ಗಟ್ಟಿಯಾಗಿ ಓದಿದರೇ ತಲೆಗೆ ಹತ್ತುವುದು. ಮೇಲೆ ಅಮ್ಮನ ಸೀರಿಯಲ್ ಗದ್ದಲ, ಅದಕ್ಕೆ ಸಂಜೆ ಅಜ್ಜಿಯ ಅಡುಗೆಮನೆಯ ಕಟ್ಟೆ ಮೇಲೆ ಕೂತು ಓದುವುದು ರೂಢಿ.

ರಾಜಿಯ ವಾರವೇ ಅವಳಿಗೆ ಟೆಸ್ಟು. ಸರಸ್ವತಮ್ಮ ಕೊತ್ತಂಬರಿ ಬೀಜ ಹುರಿಯುತ್ತಿದ್ದರು.

"ವರ್ಸೇಲ್ಸ್ ಒಪ್ಪಂದದ ಪ್ರಕಾರ ಸಾರನ್ನು ಜರ್ಮನಿಯಿಂದ ತೆಗೆದು ಹದಿನೈದು ವರ್ಷ ರಾಷ್ಟ್ರಸಂಘದ ಆಡಳಿತಕ್ಕೆ ಒಪ್ಪಿಸಲಾಯಿತು," ಸಂಹಿತಾ ಓದಿದಳು.

"ಸಾರನ್ನ ಯಾಕೆ ಒಪ್ಪಿಸಿದ್ರೇ? ಆ ಕಡೆಯೋರೂ ಸಾರು ಮಾಡ್ತಾರಾ?"

ಸಂಹಿತಾ ನಕ್ಕು ಕಟ್ಟೆಯಿಂದ ಬೀಳುವುದರಲ್ಲಿದ್ದಳು. "ಅಜ್ಜೀ! ಸಾರು ಅಲ್ಲ. ಸಾರ್. ಒಂದು ಸೀಮೆ ಹೆಸರು."

"ಮೇಷ್ಟ್ರನ್ನ ಕರೆಯೋ ಸಾರಾ?"

"ಅಯ್ಯೋ, ಅದೂ ಅಲ್ಲ. ಅಲ್ಲೊಂದು ನದಿ ಇದೆ, ಅದರ ಹೆಸರು ಸಾರ್. ಮೊದಲನೇ ಮಹಾಯುದ್ಧ ಮುಗೀತಲ್ಲ, ಆಮೇಲೆ ಗೆದ್ದೋರೆಲ್ಲ ಪ್ಯಾರಿಸ್‌ನಲ್ಲಿ ಕೂತು ಯಾವ ದೇಶ ಎಲ್ಲಿಂದ ಎಲ್ಲಿಗೆ ಅಂತ ಹೊಸದಾಗಿ ಗೆರೆ ಎಳೆದ್ರು. ಅಲ್ಸೇಸ್-ಲೊರೇನ್ ಫ್ರಾನ್ಸಿಗೆ ವಾಪಸ್ ಹೋಯ್ತು. ಇಲ್ದೇ ಹೋಗಿದ್ದ ಪೋಲೆಂಡನ್ನ ಮತ್ತೆ ಮಾಡಿದ್ರು, ಅದಕ್ಕೆ ಸಮುದ್ರಕ್ಕೆ ದಾರಿ ಬೇಕು ಅಂತ ಜರ್ಮನಿ ಮಧ್ಯ ಒಂದು ಪಟ್ಟಿ ಕತ್ತರಿಸಿ ಕೊಟ್ರು. ಹಂಗೇರಿ ಅಂತೂ, ಪಾಪ, ಮೂರರಲ್ಲಿ ಎರಡು ಪಾಲು ನೆಲ ಕಳ್ಕೊಂತು."

"ಅಲ್ಲಿದ್ದ ಜನ?"

"ಅವರು ಅಲ್ಲೇ ಇದ್ರು. ದೇಶ ಬದಲಾಯ್ತು."

ಸರಸ್ವತಮ್ಮ ಉರಿ ಸಣ್ಣ ಮಾಡಿದರು. "ಅಂದ್ರೆ ಯಾರೋ ಒಬ್ಬಳು ಒಲೆ ಮುಂದೆ ನಿಂತಿರ್ತಾಳೆ. ಅಡುಗೆ ಮುಗಿಯೋದ್ರೊಳಗೆ ಅವಳು ಬೇರೆ ದೇಶದೋಳು."

"ಹೂಂ, ಹಂಗೇ ಅಂದ್ಕೋ."

"ಈ ಸಾರಿಗೇನಾಯ್ತು?"

"ಅಲ್ಲಿ ಕಲ್ಲಿದ್ದಲು ಗಣಿ ಇತ್ತು. ಯುದ್ಧದಲ್ಲಿ ಜರ್ಮನಿಯೋರು ನಮ್ಮ ಗಣಿ ಹಾಳು ಮಾಡಿದಾರೆ, ಅದಕ್ಕೆ ಬದಲು ಇದನ್ನ ಕೊಡಿ ಅಂದ್ರು ಫ್ರಾನ್ಸಿನೋರು. ಸರಿ, ಗಣಿ ಫ್ರಾನ್ಸಿಗೆ, ಊರು ಹದಿನೈದು ವರ್ಷ ರಾಷ್ಟ್ರಸಂಘದ ಕೈಗೆ."

"ಮನೆ ಒಬ್ಬರಿಗೆ, ಪುಡಿ ಇನ್ನೊಬ್ಬರಿಗೆ," ಎಂದರು ಸರಸ್ವತಮ್ಮ. ಸಂಹಿತಾಗೆ ನಗು ನಿಂತುಹೋಯಿತು.

"ಗಣಿಯಲ್ಲಿ ಕೆಲಸ ಮಾಡೋರು ಸುಮ್ನಿದ್ರಾ?"

"ಇಲ್ಲಜ್ಜಿ. ಒಂದ್ಸಲ ಮೂರು ತಿಂಗಳ ಮೇಲೆ ಸ್ಟ್ರೈಕ್ ಮಾಡಿದ್ರು."

ಬೀಜ ಘಮ್ಮೆಂದಿತು, ಸರಸ್ವತಮ್ಮ ಬಾಣಲೆ ಇಳಿಸಿದರು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬೆಳಗ್ಗೆ ಸರಸ್ವತಮ್ಮ ದೊಡ್ಡ ಪಾತ್ರೆಯಲ್ಲಿ ಸಾರು ಮಾಡಿ, ಎರಡು ಸಣ್ಣ ಪಾತ್ರೆಗೆ ಬಗ್ಗಿಸಿ, ಮೆಟ್ಟಿಲ ತಿರುವಿನಲ್ಲಿ ಇಡುವುದು. ಒಂದನ್ನು ದೊಡ್ಡ ಸೊಸೆ ಹಂಸಾ ಒಯ್ಯುವುದು, ಇನ್ನೊಂದನ್ನು ಚಿಕ್ಕ ಸೊಸೆ ರಾಜಶ್ರೀ. ಅಣ್ಣತಮ್ಮಂದಿರು ಕೋರ್ಟಿನ ಕಾರಿಡಾರಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ದಿನಗಳಲ್ಲೂ ಆ ಪಾತ್ರೆಗಳು ತಪ್ಪಿರಲಿಲ್ಲ. ವಾಯಿದೆ ಮುಗಿಸಿ ಬಂದು ಇಬ್ಬರೂ ಒಂದೇ ಸಾರು ಉಣ್ಣುತ್ತಿದ್ದರು.

ಮರುದಿನ ಮೆಟ್ಟಿಲ ಮೇಲೆ ಏನೂ ಇರಲಿಲ್ಲ. ಹಂಸಾ ಇಳಿದು ಬಂದಳು. "ಅತ್ತೆ, ಹುಷಾರಿಲ್ವಾ? ಸಾರು ಇಟ್ಟಿಲ್ವಲ್ಲ."

"ಚೆನ್ನಾಗಿದೀನಮ್ಮ. ರಾಜಿಯಲ್ಲಿ ಸಾರಿನ ವಿಷಯ ಹೇಳ್ಲಿಲ್ಲ ನೋಡು. ಹೇಳಿದ್ದಷ್ಟೇ ಇನ್ಮೇಲೆ ನಡೆಯೋದು."

"ನಾನೇನು ಮಾಡಿದೆ ಅತ್ತೆ? ನನ್ನನ್ನೂ ಯಾರೂ ಕೇಳ್ಲಿಲ್ಲ. ಆರು ತಿಂಗಳು ಅಮ್ಮ ನಮ್ಮನೇಲಿ ಅಂತ ಇವರು ಹಲ್ಲುಜ್ಜುತ್ತಾ ಹೇಳಿದ್ರು."

"ನೀನು ಏನಂದೆ?"

"ಸರಿ ಅಂದೆ. ಬಾಯಲ್ಲಿ ಪೇಸ್ಟ್ ಇಟ್ಕೊಂಡಿರೋರ ಹತ್ರ ಇನ್ನೇನು ಜಗಳ ಆಡ್ಲಿ?"

ಅಂಗಡಿಯ ಪ್ಯಾಕೆಟ್ ಪುಡಿ ತಂದದ್ದಾಯಿತು. ಬದರಿನಾಥ ತಟ್ಟೆಯಲ್ಲಿ ಬೆರಳಾಡಿಸಿ, "ಏನಿದು? ಕೆಂಪು ನೀರು!" ಎಂದ. "ನೀವು ಮಾಡ್ಕೊಂಡ ರಾಜಿ. ಚೆನ್ನಾಗಿ ಕಲಸಿಕೊಳ್ಳಿ," ಎಂದಳು ಹಂಸಾ. ಎರಡನೇ ಮಹಡಿಯಲ್ಲಿ ಸೇತುರಾಮ ಸಾರು ಬಿಟ್ಟು ಮೊಸರನ್ನಕ್ಕೆ ಹೋದ. ಒಂದು ವಾರ ಹೀಗೇ ಹೋಯಿತು. ಐದು ವರ್ಷ ಲಾಯರ್ ಫೀಸ್ ಕಟ್ಟಿ ಅಲ್ಲಾಡದ ಗಂಡಸರು ಎಂಟು ದಿನ ಸಾರಿಲ್ಲದೆ ಅಲ್ಲಾಡತೊಡಗಿದರು.

ಆ ನಡುವೆ ರಾಜಶ್ರೀ ಬಂದಳು. ಒಂದು ಇವೆಂಟ್ ಕಂಪನಿಯಲ್ಲಿ ಇದ್ದ ಕೆಲಸ ಹೋಗಿ ವರ್ಷವಾಗಿತ್ತು. ಕೈಯಲ್ಲಿ ಮೊಬೈಲ್, ಅದರಲ್ಲಿ ಡಬ್ಬಿಯ ಚಿತ್ರ.

"ಅತ್ತೆ, ನೋಡಿ. 'ಸರಸ್ವತಮ್ಮನ ಸಾರಿನ ಪುಡಿ'. ನಿಮ್ಮ ಫೋಟೋ ಹಾಕಿಸ್ತೀನಿ. ಆನ್‌ಲೈನಲ್ಲಿ ಸಖತ್ತಾಗಿ ಹೋಗತ್ತೆ."

"ಫೋಟೋ ಹಾಕೋದು ಸತ್ತೋರಿಗೆ ಕಣಮ್ಮ."

"ಹಂಗಂತೀರಲ್ಲ ಅತ್ತೆ!"

"ಮತ್ತೆ? ನಾನು ಮೇಲೆ ಕೂತು ಟಿವಿ ನೋಡ್ತಿರ್ತೀನಿ, ಡಬ್ಬಿ ಮೇಲೆ ನಗ್ತಿರ್ತೀನಿ. ಬಾ ಇಲ್ಲಿ. ಮೆಂತ್ಯ ಹುರಿ."

ರಾಜಶ್ರೀ ಸೆರಗು ಸಿಕ್ಕಿಸಿ ಹುರಿಯಲು ನಿಂತಳು. ಬಣ್ಣ ತಿರುಗಿದ್ದು ಗೊತ್ತಾಗಲಿಲ್ಲ, ಮೆಂತ್ಯ ಕಪ್ಪಗಾಗಿ ಹೊಗೆ ಎದ್ದಿತು. ಸಿದ್ದಗಂಗಮ್ಮ ಕೆಮ್ಮುತ್ತ ಕಿಟಕಿ ತೆಗೆದಳು. ರಾಜಶ್ರೀಯ ಕಣ್ಣಲ್ಲಿ ನೀರು ಬಂತು, ಹೊಗೆಗಷ್ಟೇ ಬಂದದ್ದಲ್ಲ.

"ನನಗೂ ಒಂದು ಕೆಲಸ ಬೇಕು ಅತ್ತೆ. ಮೂರು ಹೊತ್ತೂ ನಾಲ್ಕು ಗೋಡೆ ನೋಡ್ಕೊಂಡು ಕೂರೋಕಾಗಲ್ಲ. ಇಡೀ ಮನೇಲಿ ನಂದು ಅಂತ ಏನಿದೆ ಹೇಳಿ?"

"ನನ್ನ ಹತ್ರ ಬಂದು ಕೇಳ್ಬೇಕಿತ್ತು. ನೀನು ಗಂಡನ್ನ ಕೇಳ್ದೆ, ಅವನು ಮಾವನ್ನ ಕೇಳ್ದ, ಮಾವ ಬದರೀನ ಕೇಳ್ದ. ಪುಡಿ ಹುರಿಯೋದು ಅವರಾ?"

ರಾಜಶ್ರೀ ಕಣ್ಣೊರಸಿಕೊಂಡು ಬಾಣಲೆ ತೊಳೆದಿಟ್ಟಳು. ಕೇಳುವುದಂತೂ ಆಗಲೂ ಕೇಳಲಿಲ್ಲ. ಮೊಬೈಲ್ ಎತ್ತಿಕೊಂಡು ಮೇಲೆ ಹೋದಳು.

ಮುಂದಿನ ಶನಿವಾರ ಬದರಿನಾಥ ಬ್ಯಾಂಕಿನಿಂದ ನೇರ ಕೆಳಗಿನ ಮನೆಗೇ ಬಂದ. ಶೂ ಕೂಡ ಬಿಚ್ಚಿರಲಿಲ್ಲ.

"ಅಮ್ಮ, ಲ್ಯಾಬಿನೋರು ಫೋನ್ ಮೇಲೆ ಫೋನ್ ಮಾಡ್ತಿದಾರೆ. ನೀನು ಸಾಮಾನು ಕಟ್ಟೋಕೇ ಶುರು ಮಾಡಿಲ್ಲ."

"ಶೂ ಆಚೆ ಬಿಡು."

ಅವನು ಆಚೆ ಬಿಟ್ಟು ಬಂದ. "ಏನು ನಿನ್ನ ಉದ್ದೇಶ?"

"ಇಲ್ಲೇ ಇರೋದು."

"ಅಮ್ಮ, ಐದು ವರ್ಷ ನೀನೇ ಅತ್ಕೊಂಡು ಹೇಳ್ತಿದ್ದೆ, ಒಂದಾಗಿ, ಒಂದಾಗಿ ಅಂತ. ಹರಕೆ ಹೊತ್ತೆ. ಈಗ ಒಂದಾದ್ವಿ. ಆಗಿದ್ದನ್ನ ನೀನೇ ಮುರೀತೀಯಾ? ನೀನು ಸೈನ್ ಹಾಕ್ದಿದ್ರೆ ರಾಜಿ ಬಿದ್ದುಹೋಗತ್ತೆ. ಮತ್ತೆ ಕೋರ್ಟು. ಮತ್ತೆ ಎರಡು ಶ್ರಾದ್ಧ. ಅದು ಬೇಕಾ ನಿನಗೆ?"

ಈ ಮಾತು ಸರಸ್ವತಮ್ಮನಿಗೆ ನಾಟಿತು. ಸುಳ್ಳಲ್ಲ ಅದು. ಗುಡ್ಡದ ದೇವಸ್ಥಾನಕ್ಕೆ ಎಷ್ಟು ಸಲ ಹತ್ತಿ, ಮಕ್ಕಳು ಮಾತಾಡಿದರೆ ಸಾಕು ಎಂದು ಬೇಡಿಕೊಂಡಿದ್ದರು. ದೇವರು ಮಾತಾಡಿಸಿಯೂ ಇದ್ದ. ಅವರಿಬ್ಬರೂ ಮಾತಾಡಿಕೊಂಡದ್ದು ತನ್ನನ್ನು ಹಂಚಿಕೊಳ್ಳುವ ವಿಷಯ ಎಂಬುದು ಮಾತ್ರ ಹರಕೆಯಲ್ಲಿ ಇರಲಿಲ್ಲ.

"ನನ್ನನ್ನ ಒಂದು ಮಾತು ಕೇಳಿದ್ಯೇನೋ ಬದರಿ?"

"ನಿನ್ನ ಒಳ್ಳೇದಕ್ಕೇ..."

"ಅದಲ್ಲ ನಾನು ಕೇಳಿದ್ದು. ಕೇಳಿದ್ಯಾ? ಮೊನ್ನೆ ನಿನ್ನ ಮಗಳು ಓದ್ತಿದ್ಲು, ಜರ್ಮನಿ ಕಡೆ ಸಾರ್ ಸೀಮೆಯೋರನ್ನೂ ಕೊನೆಗೆ ಕೇಳಿದ್ರಂತೆ. ಓಟು ಹಾಕಿಸಿದ್ರಂತೆ, ನೀವು ಯಾರ ಕಡೆ ಇರ್ತೀರಿ ಅಂತ. ಹೌದೇನೇ ಸಂಹಿತಾ?"

ಕಟ್ಟೆಯ ಮೇಲಿದ್ದ ಸಂಹಿತಾ ಅಪ್ಪನ ಮುಖ ನೋಡಿ ಪುಸ್ತಕ ಎತ್ತಿ ಹಿಡಿದಳು. "ಹೌದು. ಹದಿನೈದು ವರ್ಷ ಆದ್ಮೇಲೆ. ಒಪ್ಪಂದದಲ್ಲೇ ಬರೆದಿತ್ತು."

"ಹೆಂಗಸರೂ ಹಾಕಿದ್ರಾ?"

"ಹಾಕಿದ್ರು. ಇಪ್ಪತ್ತು ದಾಟಿದೋರೆಲ್ಲ, ಗಂಡಸು ಹೆಂಗಸು ಅಂತ ಭೇದ ಇಲ್ದೆ."

ಬದರಿನಾಥನ ಸಿಟ್ಟು ಮಗಳ ಕಡೆ ತಿರುಗಿತು. "ಇದೆಲ್ಲ ನಿನ್ನ ಕೆಲಸ ಅಲ್ವಾ? ಎಲ್ಲೋ ಇರೋ ಜರ್ಮನೀನ ತಂದು ಹನುಮಂತನಗರದಲ್ಲಿ ಕೂರಿಸಿದೀಯ. ನಿನಗೆ ಹಿಸ್ಟರಿ ತಗೊಳ್ಳೋಕೆ ಬಿಟ್ಟಿದ್ದೇ ತಪ್ಪು."

"ನಾನು ಟೆಸ್ಟಿಗೆ ಓದ್ತಿದ್ದೆ ಅಷ್ಟೆ ಅಪ್ಪ. ಅಜ್ಜಿ ಕೇಳಿಸ್ಕೊಂಡ್ರು."

"ಮೇಲೆ ಹೋಗಿ ಓದು."

"ಇಲ್ಲೇ ಓದ್ತಾಳೆ," ಎಂದರು ಸರಸ್ವತಮ್ಮ. "ಈ ಕಟ್ಟೆ ಇನ್ನೂ ಲ್ಯಾಬಿನೋರದಾಗಿಲ್ಲ."

ಅವನು ಹೋದ. ಆದರೆ ಬ್ಯಾಂಕಿನವನು, ಲೆಕ್ಕ ಅರ್ಧಕ್ಕೆ ಬಿಡುವ ಜಾತಿಯಲ್ಲ. ಆ ಸಂಜೆ ಮಗಳ ಪುಸ್ತಕವನ್ನು ತಾನೇ ತೆಗೆದು, ಸೋಫಾದಲ್ಲಿ ಕೂತು ಆ ಪಾಠವನ್ನು ಓದಿದ. ಮುಂದಿನ ಪಾಠವನ್ನೂ ಓದಿದ. ಓದಿ ಮುಗಿಸಿದಾಗ ಅವನ ಮುಖದಲ್ಲಿ ಗೆಲುವಿತ್ತು. ಹಂಸಾ ಬಾಗಿಲಲ್ಲಿ ನಿಂತು ನೋಡಿದಳು. ಮದುವೆಯಾದಾಗಿನಿಂದ ಗಂಡ ಪುಸ್ತಕ ಹಿಡಿದದ್ದನ್ನು ಅವಳು ನೋಡಿರಲಿಲ್ಲ.

ಸಹಿಯ ಭಾನುವಾರ ಬಂತು. ಆಷಾಢದ ಗಾಳಿಗೆ ಹಿತ್ತಲಲ್ಲಿ ಒಣಗಲು ಹಾಕಿದ ಬಟ್ಟೆಗಳೆಲ್ಲ ಪಟಪಟ ಹೊಡೆದುಕೊಳ್ಳುತ್ತಿದ್ದವು. ವೆಂಕಟಾಚಲ ಹೊಸ ಪೆನ್ನು ಕೊಂಡು ತಂದಿದ್ದ. ಎಲ್ಲರೂ ಕೆಳಗಿನ ಮನೆಯ ಹಾಲಿನಲ್ಲಿ ಸೇರಿದರು. ಈ ಸಲ ಊಟವಿರಲಿಲ್ಲ, ಸರಸ್ವತಮ್ಮ ಮಾಡಿರಲಿಲ್ಲ. ಒಂದು ಚೆಂಬು ನೀರೂ ಇಟ್ಟಿರಲಿಲ್ಲ.

"ಬಾ ಅಕ್ಕ, ಇಲ್ಲಿ ಒಂದು, ಅಲ್ಲಿ ಒಂದು," ವೆಂಕಟಾಚಲ ಪುಟ ತಿರುಗಿಸಿದ.

"ನಾನು ಓಟು ಹಾಕ್ತೀನಿ," ಎಂದರು ಸರಸ್ವತಮ್ಮ.

"ಏನು?"

"ಕೇಳು ನನ್ನ. ಯಾರ ಕಡೆ ಇರ್ತೀಯ ಅಂತ ಕೇಳು. ಕೇಳಿ ಬರ್ಕೋ."

ಸೇತುರಾಮ ತಾಳ್ಮೆಗೆಟ್ಟ. "ಅಮ್ಮ, ಇದೇನು ಎಲೆಕ್ಷನ್ನಾ? ನಾನು ಆಫೀಸಿಗೆ ರಜಾ ಹಾಕಿ ನಾಳೆ ಲ್ಯಾಬಿನೋರನ್ನ ಕರೆದಿದೀನಿ."

"ಕರೆಯೋ ಮುಂಚೆ ಕೇಳ್ಬೇಕಿತ್ತು."

ಬದರಿನಾಥ ಇದಕ್ಕೇ ಕಾದಿದ್ದವನಂತೆ ಕೂತಲ್ಲೇ ಮುಂದೆ ಬಾಗಿದ. "ಓಟು ಓಟು ಅಂತೀಯಲ್ಲಮ್ಮ, ಆ ಓಟು ಹಾಕಿ ಏನಾಯ್ತು ಗೊತ್ತಾ? ನಾನೂ ಓದಿದೀನಿ. ಆಗ ಜರ್ಮನೀಲಿ ಇದ್ದೋನು ಹಿಟ್ಲರ್. ಆ ಜನ ಸಾಲಾಗಿ ನಿಂತು ಓಟು ಹಾಕಿ ಅವನ ಕೈಗೇ ಹೋಗಿ ಬಿದ್ರು. ಕೇಳಿದ್ರೆ ಇದೇ ಆಗೋದು. ಒಳ್ಳೇದು ಯಾವುದು ಅಂತ ಎಲ್ಲರಿಗೂ ಗೊತ್ತಾಗಲ್ಲ. ಅದಕ್ಕೇ ತಿಳಿದೋರು ಕೂತು ಮಾಡ್ಬೇಕು."

ಸರಸ್ವತಮ್ಮ ಮೊಮ್ಮಗಳ ಕಡೆ ನೋಡಿದರು. "ಹೌದೇನೇ?"

ಸಂಹಿತಾಗೆ ಸುಳ್ಳು ಹೇಳುವ ಆಸೆಯಾಯಿತು, ಹೇಳಲಾಗಲಿಲ್ಲ. "ಹೌದಜ್ಜಿ. ನೂರಕ್ಕೆ ತೊಂಬತ್ತು ಜನ ಜರ್ಮನಿ ಅಂದ್ರು."

"ಫ್ರಾನ್ಸು?"

"ಒಂದೂ ಇಲ್ಲ ಅನ್ನೋ ಅಷ್ಟು ಕಮ್ಮಿ."

"ಅಷ್ಟೇನಾ? ಆ ಕಡೆ, ಇಲ್ಲಾ ಈ ಕಡೆ? ಬೇರೆ ಏನೂ ಇರ್ಲಿಲ್ವಾ ಚೀಟೀಲಿ?"

"ಇತ್ತು. ಮೂರನೇದೊಂದಿತ್ತು. ಯಾರ ಕಡೇನೂ ಬೇಡ, ಈಗ ಹೆಂಗಿದೀವೋ ಹಂಗೇ ಇರ್ತೀವಿ ಅಂತ."

"ಅದಕ್ಕೆಷ್ಟು ಬಿತ್ತು?"

"ನೂರಕ್ಕೆ ಒಂಬತ್ತು."

ಸರಸ್ವತಮ್ಮ ಎದ್ದು ನಿಂತರು. ಗಿಡ್ಡ ಹೆಂಗಸು, ಎದ್ದು ನಿಂತರೂ ಕೂತಿದ್ದ ಬದರಿನಾಥನಿಗಿಂತ ಅಂಥ ಎತ್ತರವೇನಲ್ಲ.

"ಊರಿಗೆ ಊರೇ ಆ ಕಡೆ ಓಡುವಾಗ ಬೇಡ ಅಂದೋರು ಒಂಬತ್ತು ಜನ ಇದ್ರಲ್ಲ. ನಾನು ಆ ಒಂಬತ್ತರಲ್ಲಿ. ಉತ್ತರಾಯಣಾನೂ ಬೇಡ, ದಕ್ಷಿಣಾಯನಾನೂ ಬೇಡ. ನಾನು ಇಲ್ಲೇ ಇರ್ತೀನಿ. ನನ್ನ ಪುಡಿ ನಾನೇ ಹುರೀತೀನಿ. ಬೇಕಾದೋರು ಬಂದು ನನ್ನ ಜತೆ ಹುರೀಲಿ. ಸಿದ್ದಗಂಗಮ್ಮನೂ ಇರ್ತಾಳೆ. ಸಾಯೋವಾಗ ಯಾರ ಮಹಡೀಲಿ ಸಾಯ್ಬೇಕು ಅಂತ ಪಂಚಾಂಗ ನೋಡ್ಕೊಂಡು ಸಾಯೋಕಾಗಲ್ಲ ನನಗೆ."

"ಅಕ್ಕ, ಪೆನ್ನು..." ಎಂದ ವೆಂಕಟಾಚಲ.

"ಜೇಬಲ್ಲಿಟ್ಕೋ. ನಿನ್ನ ಮನೇಲಿ ಯಾರನ್ನಾದ್ರೂ ಭಾಗ ಮಾಡೋಕೆ ಬೇಕಾಗತ್ತೆ."

"ಹಾಗಿದ್ರೆ ಮತ್ತೆ ಕೋರ್ಟಿಗೇ ಹೋಗ್ಬೇಕಾಗತ್ತೆ, ನೆನಪಿಟ್ಕೋ!" ಎಂದ ಸೇತುರಾಮ.

"ಹೋಗು. ಇಷ್ಟು ದಿನ ಇಬ್ಬರು ಹೋಗ್ತಿದ್ರಿ. ಈ ಸಲ ನಾನೂ ಬರ್ತೀನಿ, ನನ್ನ ಲಾಯರ್ ಕರ್ಕೊಂಡು. ಜಡ್ಜ್ ಸಾಹೇಬ್ರಾದ್ರೂ ನನ್ನ ಕೇಳ್ತಾರೋ ಇಲ್ವೋ ನೋಡೋಣ."

ರಾಜಶ್ರೀ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ನಗುವಿಗೋ ಗಾಬರಿಗೋ ಅವಳಿಗೇ ಗೊತ್ತಿರಲಿಲ್ಲ. ಹಂಸಾ ಮಾತ್ರ ಸದ್ದಿಲ್ಲದೆ ಹೋಗಿ ಅತ್ತೆಯ ಹಿಂದೆ ನಿಂತಳು. ಗಂಡ ಕಣ್ಣಲ್ಲೇ ಗದರಿದರೂ ಅಲ್ಲಿಂದ ಕದಲಲಿಲ್ಲ.

ಬದರಿನಾಥ ಧಡಕ್ಕನೆ ಎದ್ದ. "ಬಾರೋ ಸೇತು, ಮೇಲೆ ಹೋಗೋಣ. ಇಲ್ಲಿ ಮಾತಾಡಿ ಪ್ರಯೋಜನ ಇಲ್ಲ."

"ಬಾ ಅಣ್ಣ," ಎಂದ ಸೇತುರಾಮ.

ಇಬ್ಬರೂ ಒಬ್ಬರ ಹಿಂದೊಬ್ಬರು ಮೆಟ್ಟಿಲು ಹತ್ತಿದರು. ವೆಂಕಟಾಚಲ ಕಾಗದ ಬಗಲಲ್ಲಿಟ್ಟುಕೊಂಡು ಅವರ ಹಿಂದೆ ಹೋಗಬೇಕೋ ಗೇಟಿನ ಕಡೆ ಹೋಗಬೇಕೋ ತಿಳಿಯದೆ, ಕೊನೆಗೆ ಗೇಟಿನ ಕಡೆ ಹೋದ. ಮೊದಲನೇ ಮಹಡಿಯ ಬಾಗಿಲು ಢಬ್ ಎಂದು ಹಾಕಿಕೊಂಡಿತು. ಆಮೇಲೆ ಇಬ್ಬರ ಗಂಟಲೂ ಕೇಳಿಸತೊಡಗಿತು. ಸರಸ್ವತಮ್ಮ ಕುರ್ಚಿಯ ಮೇಲೆ ಕೂತುಬಿಟ್ಟರು. ಮಕ್ಕಳ ಮನಸ್ಸು ನೋಯಿಸಿದ ಸಂಕಟ ಒಂದು ಕಡೆ, ಮಾಡಿದ್ದು ಸರಿಯೇ ಎಂಬ ಹಟ ಇನ್ನೊಂದು ಕಡೆ.

ಸಂಹಿತಾ ಮೆಟ್ಟಿಲು ಹತ್ತಿ ಹೋಗಿ ಕಿಟಕಿಯಲ್ಲಿ ಇಣುಕಿ ಬಂದಳು. ಅವಳ ಮುಖ ಸಣ್ಣಗಾಗಿತ್ತು. "ಅಜ್ಜಿ, ಇಬ್ಬರೂ ನಿನ್ನನ್ನ ಬೈತಿದಾರೆ. ಅಪ್ಪ ಒಂದು ಅಂದ್ರೆ ಚಿಕ್ಕಪ್ಪ ಎರಡು ಅಂತಿದಾರೆ."

"ಒಂದೇ ರೂಮಲ್ಲಿ ಕೂತಿದಾರಾ?"

"ಹೂಂ. ಸೋಫಾ ಮೇಲೆ, ಅಕ್ಕಪಕ್ಕ."

ಸರಸ್ವತಮ್ಮ ಸೆರಗಿನಿಂದ ಕಣ್ಣೊರಸಿಕೊಂಡರು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತುಂಬಿ, ಎರಡು ಲೋಟ ತಂದು ಮೊಮ್ಮಗಳ ಕೈಗೆ ಕೊಟ್ಟರು.

"ತಗೊಂಡು ಹೋಗಿ ಕೊಡು. ಇನ್ನೂ ತುಂಬ ಹೊತ್ತು ಬೈಯೋದಿದೆ, ಗಂಟಲು ಒಣಗಿರತ್ತೆ. ಸೈನ್ ಮಾತ್ರ ಇಲ್ಲ ಅಂತ ಹೇಳು."